ಗಂಬೂಟಿನ ಕಾವಲು

ಲೈನ್‌ಮನ್ ಚೌಡಪ್ಪ ಪ್ಯಾಂಟನ್ನು ಗಂಬೂಟಿನೊಳಗೆ ತುರುಕಿಕೊಂಡು ಬೆಳಗಿನಿಂದ ಚಳಿಮಳೆಯಲ್ಲಿ ನಡೆದಿದ್ದ. ಅವನ ಕಾಲುಚೀಲ ಸಿಟ್ಟಿನಿಂದ ಕೇಳಿತು: "ಏನಯ್ಯಾ ಬೂಟೇ, ನಾನು ನೆನೆದು ತೊಪ್ಪೆಯಾಗಿದ್ದೇನೆ. ಇವನ ಬೆರಳುಗಳು ಮರಗಟ್ಟಿವೆ. ಈ ಕಾಲಿನಲ್ಲೇ ಇವನು ಏಣಿ ಹತ್ತಬೇಕು. ಇದೇನಾ ನಿನ್ನ ಕಾವಲು?"

"ನಾಲಿಗೆ ಬಿಗಿಹಿಡಿ! ನನ್ನ ಅಟ್ಟೆಯಿಂದ ಒಂದು ಹನಿಯೂ ಒಳಗೆ ಬಂದಿಲ್ಲ."

"ಪ್ಯಾಂಟಿನಿಂದ ಇಳಿದು ಮೇಲಿನಿಂದ ಬರುತ್ತಿದೆಯಲ್ಲ!"

"ಅದನ್ನು ಪ್ಯಾಂಟನ್ನೇ ಕೇಳು. ನನ್ನ ಕೆಲಸದಲ್ಲಿ ತಪ್ಪು ತೋರಿಸು, ನೋಡೋಣ."

ಏಣಿಯ ಮೊದಲ ಮೆಟ್ಟಿಲಲ್ಲೇ ಚೌಡಪ್ಪನ ಕಾಲು ಜಾರಿತು. ಮಂಡಿ ಒಡೆದುಕೊಂಡ ಅವನು ಅಲ್ಲೇ ಕೂತು, ಬೂಟನ್ನು ಕಿತ್ತು ತಲೆಕೆಳಗೆ ಹಿಡಿದ. ಒಂದು ಚೊಂಬು ನೀರು ದಬದಬ ಸುರಿಯಿತು.

ಬೂಟು ಕೆರಳಿ ಕೂಗಿತು: "ಈಗಲಾದರೂ ನೋಡಿದೆಯಾ? ಇಷ್ಟು ನೀರಿನಲ್ಲಿ ಒಂದು ಹನಿಯನ್ನಾದರೂ ಸೋರಲು ಬಿಟ್ಟಿದ್ದೆನಾ?"