ಬೀಜಕ್ಕೆ ಬಿಟ್ಟ ಗಿಡ

ಈರಬಸಪ್ಪನೆಂಬ ಗೃಹಸ್ಥನು ಮಠಕ್ಕೆ ಬಂದು ಗುರುಗಳನ್ನು ಕೇಳಿದನು: “ಅಜ್ಜನವರೇ, ನನಗೆ ಏನೂ ತಿಳಿಯದಾಗಿದೆ. ಮೊನ್ನೆ ಸಂತೆಯಲ್ಲಿ ಒಬ್ಬನು, ‘ನಿನ್ನನ್ನು ಮನೆಯವರು ಆಳಿನಂತೆ ನಡೆಸುತ್ತಾರೆ’ ಎಂದ. ನಾನು ನಂಬಲಿಲ್ಲ. ಆದರೆ ಮನೆಗೆ ಬಂದಾಗಿನಿಂದ ಅಣ್ಣ ಮಾತಾಡಿದರೂ ಚುಚ್ಚುತ್ತದೆ, ಹೆಂಡತಿ ಉಣ್ಣಲು ಕರೆದರೂ ಚುಚ್ಚುತ್ತದೆ. ಬೇರೆ ಮನೆ ಮಾಡಬೇಕೆಂದಿದ್ದೇನೆ. ಎಲ್ಲರೂ ಒಮ್ಮೆಲೇ ಕೆಟ್ಟವರಾಗುವುದು ಹೇಗೆ?”

ಗುರುಗಳು ಹೇಳಿದರು:

ಒಬ್ಬ ರೈತನಿದ್ದನು. ಅವನ ತಾಯಿ ಕಾಪಾಡಿಕೊಂಡು ಬಂದ ಮೆಣಸಿನಕಾಯಿ ಬೀಜ ಅವನಲ್ಲಿತ್ತು. ಬಣ್ಣ ಬಹಳ, ಖಾರ ಕಡಿಮೆ. ಬೇರೆ ಯಾರಲ್ಲಿಯೂ ಅದು ಇರಲಿಲ್ಲ. ಆ ವರ್ಷವೂ ಬೀಜಕ್ಕೆ ಬೂದಿ ಹಚ್ಚಿ ಸಸಿಮಡಿಯಲ್ಲಿ ಚೆಲ್ಲಿದನು. ಸಸಿ ಗೇಣುದ್ದವಾದಾಗ ಕಿತ್ತು ನಾಲ್ಕು ಸಾಲು ನೆಟ್ಟನು. ಹೂವಾಯಿತು, ಕಾಯಿ ಹಿಡಿಯಿತು. ಆಗ ನೆರೆಹೊಲದವನು ಬದುವಿನ ಮೇಲೆ ನಿಂತು, “ಹೋದ ವರ್ಷ ನನ್ನ ಖಾರದ ಗಿಡಗಳು ನಿನ್ನ ಬದುವಿಗೇ ಇದ್ದವಲ್ಲ ತಮ್ಮಾ. ನಿನ್ನ ಬೀಜ ಬೆರಕೆಯಾಗಿರಬೇಕು, ನೋಡಿಕೋ” ಎಂದನು.

ರೈತನಿಗೆ ದಿಗಿಲಾಯಿತು. ರುಚಿ ನೋಡಿ, ಖಾರದ ಗಿಡ ಕಿತ್ತೊಗೆದು, ಸಪ್ಪಗಿನ ಗಿಡಕ್ಕೆ ಬೀಜಕ್ಕೆಂದು ದಾರ ಕಟ್ಟುವುದೆಂದುಕೊಂಡು ಬದುವಿನಿಂದ ತೊಡಗಿದನು. ಮೊದಲ ಕಾಯಿ ಕಚ್ಚಿದನು. ಕಣ್ಣಲ್ಲಿ ನೀರು ಬಂತು. ಕಿತ್ತನು. ಎರಡನೆಯದೂ ಖಾರ. ಕಿತ್ತನು. ಹತ್ತನೆಯದೂ ಖಾರ. ಎಲೆ ಅದೇ, ಕಾಯಿಯ ಸುಕ್ಕು ಅದೇ. ಖಾರ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ದಾರದ ಉಂಡೆ ಬಿಚ್ಚಲೇ ಇಲ್ಲ.

ಬುತ್ತಿ ತಂದ ಹೆಂಡತಿ ನೋಡಿದಾಗ ಕಡೆಯ ಸಾಲಿನಲ್ಲಿ ಒಂದೇ ಗಿಡ ನಿಂತಿತ್ತು.

“ಅಯ್ಯೋ, ಕಾಯಿ ಹಸಿರಿರುವಾಗಲೇ ಕಿತ್ತಿರಲ್ಲ, ಇವು ಬೀಜಕ್ಕೂ ಬಾರವು! ನಡುನಡುವೆ ಬಾಯಿ ತೊಳೆದುಕೊಂಡಿರೋ, ಇಲ್ಲವೋ?”

“ಎಲ್ಲವೂ ಖಾರವೇ ಇರುವಾಗ ತೊಳೆದು ಏನು ಮಾಡಲಿ?”

ಅವಳು ಕಡೆಯ ಗಿಡದ ಕಾಯಿ ಕಚ್ಚಿ ಅಗಿದಳು. ನಡುನಡುವೆ ಬಾಯಿ ಮುಕ್ಕಳಿಸುತ್ತ ಬಿದ್ದ ಗಿಡಗಳ ಕಾಯನ್ನೂ ಒಂದೊಂದಾಗಿ ತಿಂದಳು. ಬದುವಿನ ಆ ಮೊದಲ ಗಿಡದ ಹೊರತು ಒಂದೂ ಬೆರಕೆಯಾಗಿರಲಿಲ್ಲ. ಅವನ ಕೈಯಿಂದ ಉಂಡೆ ತೆಗೆದುಕೊಂಡು, ಉಳಿದ ಗಿಡಕ್ಕೆ ತಾನೇ ದಾರ ಕಟ್ಟಿದಳು.

ಗುರುಗಳು ನಿಲ್ಲಿಸಿದರು. ಈರಬಸಪ್ಪನು, “ಅಜ್ಜನವರೇ, ನಾನು ಕೇಳಿದ್ದು ಮನೆಯ ಮಾತು. ನೀವು ಹೇಳಿದ್ದು ಮೆಣಸಿನಕಾಯಿ” ಎಂದನು.

“ಸಂತೆಯಿಂದ ಬಂದವನು ಕಾಲು ತೊಳೆದು ಒಳಗೆ ಹೋದೆ, ಕಿವಿ ತೊಳೆದೆಯಾ?”