ಕೈಗುರುತು ಬೀಳ್ತದೆ ಮಾವ!

ಕಂಚುಗಾರರ ಕೇರಿಯಲ್ಲಿ ಕಾಳಮ್ಮ ಅಂತ ಒಬ್ಬಳಿದ್ದಳು. ಅವಳ ಮಗ ಚೆಲುವಾಚಾರಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡುವವನು. ಅದೇ ನೋಡಿ ಬಂದ ಕಷ್ಟ!

ಕಾಳಮ್ಮನಿಗೆ ಒಂದೇ ಆಸೆ. ಅಣ್ಣ ಪುಟ್ಟಾಚಾರಿಯ ಮಗಳು ಸಾವಂತ್ರಿ ತನ್ನ ಸೊಸೆಯಾಗಬೇಕು. ಅಣ್ಣ ಹೇಳಿದ, "ಒಂದೇ ಒಂದು ಸಾಮಾನಿಗೆ ನೆಟ್ಟಗೆ ಹೊಳಪು ಕೊಡ್ಲಿ, ಮಗಳನ್ನ ಕೊಡ್ತೀನಿ."

ಮೊದಲ ದಿನ ಮಾವ ಹಿತ್ತಾಳೆ ಬಿಂದಿಗೆ ಕೊಟ್ಟ. "ಹುಣಿಸೆಹಣ್ಣು ಹಚ್ಚು." ಚೆಲುವ ಹಚ್ಚಿದ. ಹಚ್ಚಿ ಸುಮ್ಮನೆ ಕೂತ. ಸಂಜೆಗೆ ಬಿಂದಿಗೆ ತುಂಬ ನೊಣ!

"ಲೋ, ಹಚ್ಚಿದ್ಮೇಲೆ ತಿಕ್ಕಬೇಕೋ! ಮುಖ ಕಾಣೋವರ್ಗೂ ತಿಕ್ಕಬೇಕು!"

"ಹಂಗೇ ಆಗ್ಲಿ ಮಾವ."

ಮರುದಿನ ಮಾವ ಲೋಹ ಉಜ್ಜುವ ಅರ ಕೊಟ್ಟ. "ಧೂಳು ಹಿಡ್ದದೆ, ಚೊಕ್ಕ ಮಾಡು." ಚೆಲುವ ಅದನ್ನ ಕಲ್ಲಿಗೆ ತಿಕ್ಕಿದ, ತಿಕ್ಕಿದ, ಮುಖ ಕಾಣುವವರೆಗೂ ತಿಕ್ಕಿದ. ಅರದ ಹಲ್ಲೆಲ್ಲ ಹೋಗಿ ಬೋಳಾಯಿತು.

"ಹಾಳಾದೋನೆ! ಅರಕ್ಕೆ ಹಲ್ಲೇ ಜೀವ ಕಣೋ! ನುಣ್ಣಗಿದ್ರೆ ಉಳಿ ತಗೊಂಡು ಹಲ್ಲು ಕೆತ್ತಬೇಕು!"

"ಹಂಗೇ ಆಗ್ಲಿ ಮಾವ."

ಮೂರನೇ ದಿನ ಮಾವ ತಾನೇ ಹೊಳಪಿಟ್ಟ ಹರಿವಾಣ ಕೊಟ್ಟು, "ಗಿರಾಕಿ ಬರೋವರ್ಗೂ ನೋಡ್ಕೋ" ಅಂದ. ಚೆಲುವ ಮುಟ್ಟಿ ನೋಡಿದ. ನುಣ್ಣಗಿತ್ತು! ಉಳಿ ತಂದ. ಟಣ್ ಟಣ್ ಟಣ್! ಬಂದ ಗಿರಾಕಿ ಅದರಲ್ಲಿ ಕಾಯಿ ತುರಿಯಬಹುದಿತ್ತು.

"ಅಣ್ಣಾ, ಇನ್ನೊಂದೇ ಸಲ!" ಅಂತ ಕಾಳಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಮಾವ ಹಲ್ಲು ಕಡಿದ. "ಲೋ, ಹೊಳೆಯೋದನ್ನ ಬರಿಗೈಲೂ ಮುಟ್ಟಬಾರದು! ಕೈಗುರುತು ಬೀಳ್ತದೆ! ಬಟ್ಟೆ ಸುತ್ತಿ, ಮೇಲೆ ದಾರ ಕಟ್ಟಿ, ಗಿರಾಕಿಗೆ ಕೊಡಬೇಕು!"

"ಹಂಗೇ ಆಗ್ಲಿ ಮಾವ."

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಈ ಸಲ ಚೆಲುವ ಗೆದ್ದ. ಒಂದು ದೀಪದ ಕಂಬಕ್ಕೆ ಹುಣಿಸೆ ಹಚ್ಚಿ, ಮುಖ ಕಾಣುವವರೆಗೂ ತಿಕ್ಕಿ, ತೊಳೆದು, ಬಟ್ಟೆ ಸುತ್ತಿ ದಾರ ಕಟ್ಟಿದ. ಮಾವ ಬಿಚ್ಚಿ ನೋಡಿದರೆ ಒಂದು ಕಲೆಯಿಲ್ಲ! ಪುಟ್ಟಾಚಾರಿ ಮಾತು ತಪ್ಪುವವನಲ್ಲ. ಮನೆ ಮುಂದೆ ಚಪ್ಪರ ಎದ್ದಿತು. ಕಾಳಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮುಹೂರ್ತಕ್ಕೆ ಸಾವಂತ್ರಿ ಬಂದಳು. ಹೆಂಗಸರು ಎಣ್ಣೆ ಅರಿಶಿನ ಹಚ್ಚಿ ತಿಕ್ಕಿ ತಿಕ್ಕಿ ಮೀಯಿಸಿದ್ದರು. ಮುಖ ಫಳಫಳ!

"ಹೆಣ್ಣಿನ ಕೈ ಹಿಡಿಯಪ್ಪ," ಅಂದರು ಪುರೋಹಿತರು.

"ಬರಿಗೈಲಾ? ಕೈಗುರುತು ಬೀಳ್ತದೆ ಸ್ವಾಮಿ!"

ನೋಡನೋಡುತ್ತಿದ್ದಂತೆ ಚೆಲುವ ಅಂತರಪಟವನ್ನೇ ಎಳೆದುಕೊಂಡು ಹುಡುಗಿಗೆ ತಲೆಯಿಂದ ಕಾಲಿನವರೆಗೂ ಸುತ್ತಿದ. ಪುರೋಹಿತರ ಕೈಯಲ್ಲಿದ್ದ ತಾಳಿದಾರ ಕಿತ್ತುಕೊಂಡು ಮೇಲಿಂದ ಬಿಗಿದ.

"ಸದ್ಯ, ಹೆಂಗೋ ತಾಳಿ ಬಿತ್ತಲ್ಲ ತಾಯಿ!" ಅಂತ ಕಾಳಮ್ಮ ಕೈಮುಗಿದಳು.

ಚೆಲುವ ಬೆವರು ಒರೆಸಿಕೊಂಡು ಮಾವನ ಕಡೆ ತಿರುಗಿದ.

"ಸಾಮಾನು ತಯಾರು ಮಾವ. ಗಿರಾಕಿ ಎಲ್ಲಿ?"