ಮೋಡದ ಕೆಳಗಿನ ಕಂಬಳಿ

“ಬುದ್ಧೀ, ಅಣ್ಣ ಕೂತಿದ್ದ ವಿಮಾನ ಬೆಟ್ಟಕ್ಕೆ ಬಡಿದದ್ದು ಯಾಕೆ?”

ಷಡಕ್ಷರಿ ಮಠಕ್ಕೆ ಬಂದು ಸೇರಿ ಎಂಟು ತಿಂಗಳಾಗಿತ್ತು. ಈ ಪ್ರಶ್ನೆಯನ್ನು ಅವನು ಕೇಳದ ವಾರವಿರಲಿಲ್ಲ. ಯಾತ್ರೆಗೆ ಹೋಗಿದ್ದ ಅವನ ಅಣ್ಣ ಹಿಂತಿರುಗುವಾಗ ವಿಮಾನ ಹತ್ತಿದ್ದ. ಆ ವಿಮಾನ ಉತ್ತರದ ಬೆಟ್ಟವೊಂದಕ್ಕೆ ಬಡಿದಿತ್ತು, ಒಬ್ಬರೂ ಉಳಿದಿರಲಿಲ್ಲ. ಷಡಕ್ಷರಿ ತನ್ನ ಚೀಲದಲ್ಲಿ ಪತ್ರಿಕೆಗಳ ಚೂರುಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದ. ಒಂದು ಚೂರು, ಮಂಜು ಕಾರಣ ಎನ್ನುತ್ತಿತ್ತು, ಇನ್ನೊಂದು ಎಂಜಿನ್ ಎನ್ನುತ್ತಿತ್ತು. ಬೆಟ್ಟದ ನೆತ್ತಿ ದಾಟಿ ಕೆಳಕ್ಕೆ ಉರುಳುವ ಗಾಳಿ ವಿಮಾನವನ್ನು ಒತ್ತಿಹಿಡಿಯಿತು ಎಂದು ಒಬ್ಬರು ಬರೆದಿದ್ದರೆ, ಪೈಲಟ್ ದಣಿದಿದ್ದ ಎಂದು ಮತ್ತೊಬ್ಬರು ಬರೆದಿದ್ದರು. ಪೂಜೆ ಮುಗಿದ ಮೇಲೆ ಅವನು ಇವನ್ನು ಹರಡಿಕೊಂಡು ಕೂರುತ್ತಿದ್ದ. ವಿಮಾನದ ಮಾತಾದರೆ ಹೊತ್ತು ಮುಳುಗುವವರೆಗೂ ಆಡುತ್ತಿದ್ದ. ಅಣ್ಣನ ಮಾತು ಬಂದರೆ ಮಾತ್ರ ಎದ್ದು ನೀರು ತರಲು ಹೋಗುತ್ತಿದ್ದ.

ಎತ್ತಿನ ಗಾಡಿಯ ಕಡಾಣಿ ಎಲ್ಲಿರುತ್ತದೆಂದು ಅರಿಯದ ಸನ್ಯಾಸಿಯನ್ನು ಹಿಡಿದು ವಿಮಾನದ ವಿಚಾರ ಕೇಳುತ್ತೀಯಲ್ಲ, ನಿನ್ನ ಧೈರ್ಯ ದೊಡ್ಡದು ಎಂದು ಗುರುಗಳು ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಬಹಳ ಹಿಂದೆ ಒಬ್ಬ ಮುದುಕ ಮಠದಲ್ಲಿ ಒಂದು ತಿಂಗಳು ಇದ್ದು ಹೋಗಿದ್ದ. ಬಿದ್ದ ವಿಮಾನಗಳು ಯಾಕೆ ಬಿದ್ದವು ಎಂದು ಹುಡುಕುವುದೇ ಅವನ ಕಸುಬಾಗಿತ್ತು. ಅವನು ಹೇಳಿಹೋದದ್ದನ್ನು ಗುರುಗಳು ಹೇಳತೊಡಗಿದರು.

ಒಂದು ಬೆಟ್ಟದ ಸೀಮೆ. ಬೆಟ್ಟಗಳ ನಡುವೆ ಒಂದು ಊರು. ಬಯಲಿನ ನಗರದಿಂದ ಆ ಊರಿಗೆ ವಾರಕ್ಕೆ ಮೂರು ಸಲ ಒಂದು ಪುಟ್ಟ ವಿಮಾನ ಬರುತ್ತಿತ್ತು. ಒಂಬತ್ತು ಜನ ಪ್ರಯಾಣಿಕರು, ಒಬ್ಬನೇ ಪೈಲಟ್. ಒಂದು ಬುಧವಾರ ಅದು ಬರಲಿಲ್ಲ. ಮೂರನೆಯ ದಿನ ಮೋಡ ಸರಿದಾಗ, ಊರಿಗೆ ಮುಂಚಿನ ಕೊನೆಯ ಬೆಟ್ಟದಲ್ಲಿ, ನೆತ್ತಿಗಿಂತ ಇನ್ನೂರು ಅಡಿ ಕೆಳಗೆ ಸಿಕ್ಕಿತು. ಇನ್ನೂರು ಅಡಿ ಮೇಲಿದ್ದಿದ್ದರೆ ದಾಟಿ ಹೋಗುತ್ತಿತ್ತು.

ಕಾರಣ ಹುಡುಕಲು ಒಬ್ಬ ತನಿಖೆಗಾರನನ್ನು ಕಳಿಸಿದರು. ಅವನಿಗೆ ಆ ಕೆಲಸದಲ್ಲಿ ತಲೆ ನರೆತಿತ್ತು. ಹೋದ ಜೀವವನ್ನು ತರಲು ತನ್ನಿಂದಾಗದು, ಮುಂದೆ ಹೋಗಲಿರುವ ಜೀವವನ್ನಾದರೂ ಉಳಿಸಬಹುದು ಎಂದು ಅವನು ನಂಬಿದ್ದ. ಅಳುವವರ ಎದುರು ಅವನು ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಅಳುವಿನಿಂದ ಕಾರಣ ತಿಳಿಯುವುದಿಲ್ಲ ಎನ್ನುತ್ತಿದ್ದ.

ಅವನು ಎಲ್ಲರನ್ನೂ ಕೇಳಿದ. ಹವೆ ನೋಡುವವನು, ಮೋಡ ಇದೆಯೆಂದು ನಾನು ಬೆಳಿಗ್ಗೆಯೇ ಬರೆದು ಕಳಿಸಿದ್ದೆ ಎಂದ. ಎಂಜಿನ್ ನೋಡಿಕೊಳ್ಳುವವನು ಮಕ್ಕಳ ಮೇಲೆ ಆಣೆಯಿಟ್ಟು, ಒಂದು ತಿರುಪೂ ಸಡಿಲವಿರಲಿಲ್ಲ ಎಂದ. ವಿಮಾನದ ಮಾಲೀಕರು, ನಮ್ಮ ವಿಮಾನ ಚಿನ್ನದಂಥದ್ದು, ತಪ್ಪೇನಿದ್ದರೂ ಸತ್ತವನದು ಎಂದರು. ಸತ್ತವನು ಎದ್ದು ಬಂದು ಎದುರುತ್ತರ ಕೊಡುವುದಿಲ್ಲವಲ್ಲ. ರೇಡಿಯೋ ಕೋಣೆಯವನು, ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದ್ದೇನೆ, ಬೇಕಾದರೆ ಟೇಪು ಕೇಳಿ ಎಂದ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ವಿಚಿತ್ರವೆಂದರೆ, ಅವರಲ್ಲಿ ಒಬ್ಬನೂ ಸುಳ್ಳು ಹೇಳಿರಲಿಲ್ಲ. ಆದರೂ ಪ್ರತಿಯೊಬ್ಬನೂ ಪಕ್ಕದ ಮನೆಯ ಕಡೆಗೇ ಬೆರಳು ತೋರಿಸಿದ. ಅವರನ್ನು ನೋಡಿ ನಗಬೇಡ, ಷಡಕ್ಷರಿ. ಹತ್ತು ಹೆಣದ ಭಾರವನ್ನು ಯಾವ ಹೆಗಲು ತಾನೇ ಒಪ್ಪಿಕೊಂಡೀತು?

ತನಿಖೆಗಾರ ಬೆಟ್ಟ ಹತ್ತಿದ. ಚೂರುಗಳ ನಡುವೆ ಅವನಿಗೆ ಬೇಕಾದದ್ದು ಸಿಕ್ಕಿತು.

ವಿಮಾನದಲ್ಲಿ ಎತ್ತರ ತೋರಿಸುವ ಒಂದು ಮುಳ್ಳು ಇರುತ್ತದಂತೆ. ಅದು ಗಾಳಿಯ ಒತ್ತಡವನ್ನು ನೋಡಿ ಎತ್ತರ ಹೇಳುತ್ತದೆ. ಒತ್ತಡವೋ ಊರಿಂದ ಊರಿಗೆ ಬೇರೆ, ದಿನದಿಂದ ದಿನಕ್ಕೆ ಬೇರೆ. ಆದ್ದರಿಂದ ಊರು ಹತ್ತಿರವಾದಾಗ ರೇಡಿಯೋ ಕೋಣೆಯವನು ಆ ಊರಿನ ಆ ಹೊತ್ತಿನ ಅಂಕೆಯನ್ನು ಹೇಳಬೇಕು. ಪೈಲಟ್ ಅದನ್ನು ತಿರುಗಿ ಹೇಳಿ ಒಪ್ಪಿಸಬೇಕು. ಬಳಿಕ ಮುಳ್ಳಿನ ಪಕ್ಕದಲ್ಲಿರುವ ತಿರುಪನ್ನು ತಿರುಗಿಸಿ ಆ ಅಂಕೆಗೆ ತಂದು ನಿಲ್ಲಿಸಬೇಕು. ಇಷ್ಟೇ ಕೆಲಸ. ಅದನ್ನು ಮಾಡದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ.

ಒಡೆದ ಮುಳ್ಳಿನ ಪಕ್ಕದಲ್ಲಿ ಇನ್ನೂ ಬಯಲಿನ ನಗರದ ಅಂಕೆಯೇ ನಿಂತಿತ್ತು. ಅಂದರೆ ವಿಮಾನ ನಿಜವಾಗಿ ಇದ್ದದ್ದಕ್ಕಿಂತ ಆರುನೂರು ಅಡಿ ಮೇಲಿದೆಯೆಂದು ಮುಳ್ಳು ತೋರಿಸುತ್ತಿತ್ತು. ಹೊರಗೆ ಮೋಡ. ಕಣ್ಣಿಗೆ ಬೆಟ್ಟ ಕಾಣದು, ಮುಳ್ಳು ಮಾತ್ರ, ಬೆಟ್ಟ ದಾಟುತ್ತೀಯ ಎನ್ನುತ್ತಿದೆ. ಪೈಲಟ್ ಮುಳ್ಳನ್ನು ನಂಬಿದ.

ತನಿಖೆಗಾರ ಕೆಳಗಿಳಿದು ಬಂದು ರೇಡಿಯೋ ಕೋಣೆಯ ಟೇಪು ಕೇಳಿದ. ಕೋಣೆಯವನು ಅಂಕೆ ಹೇಳಿದ್ದ. ಪೈಲಟ್ ಅದನ್ನು ಒಂದು ಅಕ್ಷರ ತಪ್ಪದೆ ತಿರುಗಿ ಒಪ್ಪಿಸಿದ್ದ. ಆಮೇಲೆ ಒಂದು ಸಣ್ಣ ಸದ್ದು, ಮುಂದೆ ಏನೂ ಇಲ್ಲ. ಬಾಯಿ ಅಂಕೆಯನ್ನು ಹೇಳಿತ್ತು, ಕೈ ತಿರುಪನ್ನು ತಿರುಗಿಸಿರಲಿಲ್ಲ. ಹನ್ನೆರಡು ವರ್ಷ ಅದೇ ದಾರಿಯಲ್ಲಿ ಹಾರಿದವನು, ಸಾವಿರ ಸಲ ತಿರುಗಿಸಿದ ಕೈ. ಆ ಒಂದು ಗಳಿಗೆಯಲ್ಲಿ ಅವನ ಮನಸ್ಸು ಎಲ್ಲಿ ಹೋಗಿತ್ತು? ತನಿಖೆಗಾರ ಟೇಪನ್ನು ನಲವತ್ತು ಸಲ ಕೇಳಿದ. ತಿಳಿಯಲಿಲ್ಲ. ಕಾಗದದಲ್ಲಿ ‘ಸದ್ದು’ ಎಂದಷ್ಟೇ ಬರೆದುಕೊಂಡ.

ಅವನು ಊರು ಬಿಡುವ ದಿನ ಒಬ್ಬ ಹೆಂಗಸು ಬಂದಳು. ಅವಳು ಪೈಲಟ್‌ನ ಹೆಂಡತಿ. ನನ್ನ ಹೆಸರನ್ನು ಬರೆದುಕೊಳ್ಳಿ ಎಂದಳು. ಸಾಕ್ಷಿ ಹೇಳಲು ಬಂದಿರಬೇಕೆಂದು ತನಿಖೆಗಾರ ಎಣಿಸಿದ. ಅವಳು, ಸಾಕ್ಷಿಯಲ್ಲ, ಕಾರಣದ ಕಡೆ ಬರೆದುಕೊಳ್ಳಿ ಎಂದಳು.

ಅವಳು ಹೇಳಿದ್ದು ಇಷ್ಟು. ಅವರ ಮನೆ ಆ ಕೊನೆಯ ಬೆಟ್ಟಕ್ಕೆ ಮುಂಚಿನ ಇಳಿಜಾರಿನಲ್ಲಿತ್ತು, ವಿಮಾನ ಊರಿಗೆ ತಿರುಗುವ ಜಾಗಕ್ಕೆ ನೇರ ಕೆಳಗೆ. ಗಂಡ ಬರುವ ದಿನ ಅವಳು ಮಾಡಿನ ಮೇಲೆ ಒಂದು ಕೆಂಪು ಕಂಬಳಿ ಹಾಸುತ್ತಿದ್ದಳು. ಅವನು ಕತ್ತು ಹೊರಳಿಸಿ ಕಂಬಳಿಯನ್ನು ನೋಡಿ ವಿಮಾನದ ಒಂದು ರೆಕ್ಕೆಯನ್ನು ತುಸು ಬಗ್ಗಿಸುತ್ತಿದ್ದ. ಮದುವೆಯಾದ ವರ್ಷದಿಂದ ನಡೆದು ಬಂದ ಪದ್ಧತಿ. ಒಳಗೆ ಕೂತ ಪ್ರಯಾಣಿಕರಿಗೆ ಅದು ಗೊತ್ತೇ ಇರಲಿಲ್ಲ. ಆ ರೆಕ್ಕೆ ಬಗ್ಗಿದ ಮೇಲೆ ಅವಳು ಒಲೆ ಹಚ್ಚುತ್ತಿದ್ದಳು. ಅವನು ಮನೆ ಮುಟ್ಟುವ ಹೊತ್ತಿಗೆ ಅನ್ನ ಆಗಿರುತ್ತಿತ್ತು.

ಆ ಸೋಮವಾರ ನಂಟರ ಮನೆಯ ನಾಮಕರಣದಲ್ಲಿ ಅವನು ಕಂಬಳಿಯ ವಿಷಯವನ್ನು ನಾಲ್ಕು ಜನರೆದುರು ತಮಾಷೆಗೆ ಹೇಳಿಬಿಟ್ಟ. ಎಲ್ಲರೂ ನಕ್ಕರು. ಅವನೂ ನಕ್ಕ. ಇಬ್ಬರ ನಡುವೆ ಮಾತ್ರ ಇದ್ದದ್ದು ಬೀದಿಯ ಮಾತಾಯಿತಲ್ಲ ಎಂದು ಅವಳಿಗೆ ಸಿಟ್ಟು ಬಂತು. ಮನೆಗೆ ಬಂದು, ಇನ್ನು ಮೇಲೆ ಹಾಸುವುದಿಲ್ಲ ಎಂದಳು. ಹಾಸಬೇಡ, ನನಗೂ ಕತ್ತು ಹೊರಳಿಸುವ ಕಷ್ಟ ತಪ್ಪಿತು ಎಂದು ಅವನು ಹೇಳಿದ. ಉಣ್ಣದೆ ಮಲಗಿದ, ಮಾತಾಡದೆ ಕೆಲಸಕ್ಕೆ ಹೋದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅವರು ಉಂಡಿರಲಿಲ್ಲ.

ಬುಧವಾರ ಬೆಳಿಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಮೋಡ ಕವಿದಿದ್ದರೂ ಏಣಿ ಹಾಕಿ ಹತ್ತಿ ಕಂಬಳಿ ಹಾಸಿದಳು. ಅದನ್ನು ನೋಡಲೆಂದೇ ಅವನು ಕೆಳಗಿಳಿದ, ಬೆಟ್ಟಕ್ಕೆ ಬಡಿದ, ಹಾಗೆಂದು ಬರೆಯಿರಿ ಎಂದಳು.

ತನಿಖೆಗಾರನಿಗೆ ಇಂಥವರ ಪರಿಚಯವಿತ್ತು. ತಮ್ಮದಲ್ಲದ ತಪ್ಪನ್ನು ಹೊತ್ತು ಬರುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಅವರ ಭಾರ ಇಳಿಸುವುದು ಅವನಿಗೆ ಇಷ್ಟದ ಕೆಲಸ. ತಾಯಿ, ಅಂದು ಮೋಡದಲ್ಲಿ ಊರೇ ಕಾಣುತ್ತಿರಲಿಲ್ಲ, ಕಂಬಳಿ ಎಲ್ಲಿ ಕಾಣಬೇಕು ಎಂದ. ನಿಮ್ಮ ಗಂಡ ಏನನ್ನೋ ನೋಡಲು ಇಳಿಯಲಿಲ್ಲ, ಎಂದಿನ ಎತ್ತರದಲ್ಲೇ ಇದ್ದೇನೆಂದು ನಂಬಿದ್ದ. ಮುಳ್ಳು ಮೋಸ ಮಾಡಿತು ಎಂದು ಬಿಡಿಸಿ ಹೇಳಿದ. ನಿಮ್ಮದು ಎಳ್ಳಷ್ಟೂ ತಪ್ಪಿಲ್ಲ ಎಂದ. ಈ ಮಾತು ಕೇಳಿದವರು ಸಾಮಾನ್ಯವಾಗಿ ನಿಟ್ಟುಸಿರು ಬಿಟ್ಟು ಅಳುತ್ತಿದ್ದರು. ಇವಳ ಮುಖ ಮಾತ್ರ ಕೈಲಿದ್ದುದನ್ನು ಯಾರೋ ಕಿತ್ತುಕೊಂಡಂತೆ ಆಯಿತು.

“ಮೋಡದಲ್ಲಿ ಕಾಣಲಿಲ್ಲ, ಒಪ್ಪಿದೆ. ಅವರು ನೋಡಲೂ ಇಲ್ಲ ಎನ್ನುತ್ತೀರಾ, ಸಾಹೇಬರೇ?”

ಅವಳಿಗೆ ಬೇಕಾದದ್ದು ಏನೆಂದು ತನಿಖೆಗಾರನಿಗೆ ಆಗ ಹೊಳೆಯಿತು. ಎಲ್ಲರೂ ತಳ್ಳಿದ ಭಾರವನ್ನು ಅವಳೊಬ್ಬಳು ಬೇಡುತ್ತಿದ್ದಳು. ಗಂಡ ಕಂಬಳಿಗಾಗಿ ಕಣ್ಣು ಹಾಯಿಸಿದ್ದರೆ ತಪ್ಪು ಅವಳದು, ಆದರೆ ಅವನು ಅವಳವನಾಗಿಯೇ ಸತ್ತ. ಮುಳ್ಳು ಮಾತ್ರ ಕಾರಣವಾದರೆ ಅವಳದೇನೂ ತಪ್ಪಿಲ್ಲ, ಆದರೆ ಅವನು ಮುನಿಸಿಕೊಂಡೇ ಹೋದ.

ತನಿಖೆಗಾರನಿಗೆ ಇನ್ನೊಂದೂ ಹೊಳೆಯಿತು. ರೇಡಿಯೋ ಕೋಣೆಯವನು ಅಂಕೆ ಹೇಳುವುದು ವಿಮಾನ ಊರಿಗೆ ತಿರುಗುವಾಗ. ಅದು ಸರಿಯಾಗಿ ಅವಳ ಮನೆಯ ಮೇಲೆ. ಕಾಣದಿದ್ದರೂ ಪೈಲಟ್ ಕಿಟಕಿಯ ಕಡೆಗೆ ಕತ್ತು ಹೊರಳಿಸಿ ಮೋಡದಲ್ಲಿ ಹುಡುಕಿದ್ದರೆ? ತಿರುಪಿನ ಕಡೆ ಹೋಗಬೇಕಾದ ಕೈ ಅಲ್ಲಿಯೇ ನಿಂತಿದ್ದರೆ? ಎಳ್ಳಷ್ಟೂ ತಪ್ಪಿಲ್ಲ ಎಂದು ಈಗಷ್ಟೇ ಹೇಳಿದ ತನ್ನ ಮಾತು ಅವನಿಗೇ ಭಾರವಾಯಿತು.

ಸತ್ತ ಒಂಬತ್ತು ಜನರ ಮನೆಯವರು ಇದನ್ನು ಕೇಳಿದರೆ ಏನೆಂದಾರು ಯೋಚಿಸಿದ್ದೀರಾ ಎಂದು ಅವನು ಮೆಲ್ಲಗೆ ಕೇಳಿದ. ಒಂಬತ್ತು ಮನೆಗೂ ಹೋಗಿ ಹೇಳಿ ಬಂದಿದ್ದೇನೆ ಎಂದಳು. ಎರಡು ಮನೆಗಳಲ್ಲಿ ಬಾಗಿಲು ತೆರೆಯಲಿಲ್ಲ. ಒಂದು ಮನೆಯಲ್ಲಿ ಮುದುಕಿಯೊಬ್ಬಳು ಕೂರಿಸಿ ಊಟಕ್ಕೆ ಬಡಿಸಿದಳಂತೆ. ಬೈಗುಳ ತಿಂದು ಅರಗಿಸಿಕೊಂಡೆ, ಆ ಅನ್ನ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ ಎಂದಳು.

ಟೇಪನ್ನು ಹೊರಗಿನವರಿಗೆ ಕೇಳಿಸಬಾರದು ಎಂಬುದು ನಿಯಮ. ತನಿಖೆಗಾರ ಎದ್ದು ಬಾಗಿಲು ಹಾಕಿ ಟೇಪು ಹಾಕಿದ.

ಕೋಣೆಯವನ ದನಿ ಅಂಕೆ ಹೇಳಿತು. ಗಂಡನ ದನಿ ಅದನ್ನು ತಿರುಗಿ ಒಪ್ಪಿಸಿತು. ಆಮೇಲೆ ಆ ಸಣ್ಣ ಸದ್ದು. ಅವಳು ಕೈಯೆತ್ತಿ, ಇನ್ನೊಮ್ಮೆ ಎಂದಳು. ಮತ್ತೆ ಹಾಕಿದ. ಮತ್ತೆ ಇನ್ನೊಮ್ಮೆ ಎಂದಳು. ಮೂರನೆಯ ಸಲ ಮುಗಿದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಜಗಳವಾದ ಮೇಲೆ ತಾವೇ ಮೊದಲು ಮಾತಾಡಬೇಕೆಂದಾಗ ಬಾಗಿಲಲ್ಲಿ ನಿಂತು ಹೀಗೆ ಒಂದು ಸಲ ಕೆಮ್ಮುತ್ತಿದ್ದರು,” ಎಂದಳು.

ತನಿಖೆಗಾರನಿಗೆ ದುಃಖ ಒತ್ತರಿಸಿ ಬಂತು. ನಲವತ್ತು ಸಲ ಕೇಳಿದ್ದ ತನ್ನ ಕಿವಿಯ ಬಗ್ಗೆ ನಾಚಿಕೆಯೂ ಆಯಿತು.

ಅದು ಬರೀ ಕೆಮ್ಮೇ ಇದ್ದೀತು. ಬೆಟ್ಟದ ಗಾಳಿ ಒಣಗಾಳಿ, ಯಾರ ಗಂಟಲಾದರೂ ಕೆರೆಯುತ್ತದೆ. ಮುದುಕ ನನ್ನೆದುರು ಕೂತು ಇದನ್ನೂ ಹೇಳಿದ, ಷಡಕ್ಷರಿ. ಅವನು ಮೋಸಗಾರನಲ್ಲ. ಅವಳು ಕೇಳಿಸಿಕೊಂಡದ್ದನ್ನು ವರದಿಯಲ್ಲಿ ಬರೆಯಲಿಲ್ಲ. ತಿರುಪು ತಿರುಗಿಸದಿದ್ದದ್ದು ಕಾರಣ, ತಿರುಗಿಸದೆ ಹೋದದ್ದು ಯಾಕೆಂದು ತಿಳಿದುಬಂದಿಲ್ಲ ಎಂದು ಬರೆದ. ಇನ್ನು ಮುಂದೆ ಪೈಲಟ್ ಅಂಕೆ ಒಪ್ಪಿಸಿದರೆ ಸಾಲದು, ತಿರುಗಿಸಿದ್ದೇನೆ ಎಂದೂ ಹೇಳಬೇಕು. ಹೇಳುವ ತನಕ ರೇಡಿಯೋ ಕೋಣೆಯವನು ಬಿಡಬಾರದು ಎಂದು ಸೇರಿಸಿದ. ಆ ಸೀಮೆಯಲ್ಲಿ ಈಗಲೂ ಹಾಗೆಯೇ ನಡೆಯುತ್ತಿದೆಯಂತೆ. ತಿಳಿದುಬಂದಿಲ್ಲ ಎಂಬ ಮಾತಿಗೆ ಹಲವರು ಸಿಟ್ಟಾದರು. ಮಾಲೀಕರು ಅದನ್ನು ಹೊಡೆದುಹಾಕಿಸಲು ನೋಡಿದರು. ಅವನು ಬಗ್ಗಲಿಲ್ಲ.

ಆ ಹೆಂಗಸು ವರದಿಯನ್ನು ತರಿಸಿ ಓದಲೇ ಇಲ್ಲ. ಕಾರಣ ಯಾವುದೆಂದು ಆಮೇಲೆ ಯಾರನ್ನೂ ಕೇಳಲಿಲ್ಲ. ಗಂಡ ಬೇಕು ಎನ್ನಿಸುವುದು ನಿಂತಿತೇ ಎಂದರೆ, ಇಲ್ಲ. ವಿಮಾನದ ಸದ್ದು ಕೇಳಿದಾಗಲೆಲ್ಲ ಅವಳ ಕೈ ಕೆಲಸ ಬಿಟ್ಟು ನಿಲ್ಲುತ್ತಿತ್ತು. ಆದರೆ ಅಂದಿನಿಂದ ಅವಳಿಗೆ ಬಾಯಿಬಿಟ್ಟು ಅಳಲು ಬಂತು. ಅಷ್ಟು ದಿನ ಅದೂ ಬಂದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಷಡಕ್ಷರಿ ಪತ್ರಿಕೆಯ ಚೂರುಗಳನ್ನು ತೊಡೆಯ ಮೇಲೆ ಒಂದರ ಮೇಲೊಂದು ಜೋಡಿಸುತ್ತಿದ್ದ. ಹಾಗಾದರೆ ಅಲ್ಲಿ ನಿಜವಾದ ಕಾರಣ ಮೋಡವೋ, ತಿರುಪೋ, ಕಂಬಳಿಯೋ ಎಂದು ತಲೆಯೆತ್ತದೆ ಕೇಳಿದ.

“ಅದಿರಲಿ ಮಗನೇ, ನಿನ್ನ ಅಣ್ಣ ಯಾತ್ರೆಗೆ ಹೊರಟ ದಿನ ನೀನು ಅವನಿಗೆ ಏನೆಂದೆ?”